ಟಾವಿ ವಾಲ್ವ್ ಹಾಕಿಸುವವರಿಗೆ ಹೃದಯದ ಬ್ಲಾಕ್ ಕೂಡ ಇದ್ದರೆ: ಮನೆಯವರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ವಾಲ್ವ್ ಹಾಳಾಗಿದೆ, ಬದಲಾಯಿಸಬೇಕು, ಆದರೆ ಎದೆ ತೆರೆಯುವುದು ಬೇಡ, ತೊಡೆಯ ರಕ್ತನಾಳದಿಂದಲೇ ಹಾಕಬಹುದು (ಇದಕ್ಕೇ ಟಾವಿ ಅನ್ನುತ್ತಾರೆ) ಅಂತ ಡಾಕ್ಟರ್ ಹೇಳಿದಾಗ ಮನೆಯವರಿಗೆ ಅರ್ಧ ಭಾರ ಇಳಿದಿರುತ್ತದೆ. ಅದರ ಬೆನ್ನಿಗೇ ಹೃದಯದ ನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಆಗುತ್ತದೆ. "ಬ್ಲಾಕ್‌ಗಳೂ ಇವೆ" ಎಂಬ ಮಾತು ಬರುತ್ತದೆ. ಈಗೇನು ಮಾಡುವುದು? ಮೊದಲು ಸ್ಟೆಂಟಾ (ಬ್ಲಾಕ್ ಆದ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ), ಮೊದಲು ವಾಲ್ವಾ, ಎರಡೂ ಒಟ್ಟಿಗಾ? ಸ್ಟೆಂಟ್ ಬೇಡ ಅಂದುಬಿಟ್ಟು ಆಮೇಲೆ ಏನಾದರೂ ಆದರೆ?

ನಮ್ಮ ಮಾವನವರಿಗೆ ಹೀಗಾದಾಗ ನಾವು ತುಂಬಾ ಪ್ರಶ್ನೆ ಕೇಳಿದೆವು, ಆದರೆ ಕೇಳಬೇಕಾದದ್ದನ್ನು ಕೇಳಲಿಲ್ಲ. "ಎಷ್ಟು ಪರ್ಸೆಂಟ್ ಬ್ಲಾಕ್?" ಅಂತ ಕೇಳಿದೆವು, "ಎಲ್ಲಿದೆ?" ಅಂತ ಕೇಳಲಿಲ್ಲ. "ಸ್ಟೆಂಟ್ ಹಾಕುತ್ತೀರಾ?" ಅಂತ ಕೇಳಿದೆವು, "ಹಾಕಿದ ಮೇಲೆ ಈ ಮಾತ್ರೆ ಯಾವ ತಾರೀಖಿನವರೆಗೆ?" ಅಂತ ಕೇಳಲಿಲ್ಲ. ಇದೇ ದಾರಿಯಲ್ಲಿರುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ತೀರ್ಮಾನ ನಿಮ್ಮ ಡಾಕ್ಟರ್‌ಗಳದ್ದು ಮತ್ತು ರೋಗಿಯದ್ದು. ಆ ತೀರ್ಮಾನದಲ್ಲಿ ನೀವೂ ಅರ್ಥ ಮಾಡಿಕೊಂಡು ಕೂರಬೇಕು ಅನ್ನುವುದಷ್ಟೇ ನನ್ನ ಆಸೆ.

ಹೆಜ್ಜೆ 1: ಇವು ಎರಡು ಬೇರೆ ತೊಂದರೆ ಅಂತ ಮೊದಲು ತಿಳಿದುಕೊಳ್ಳಿ

ಹೃದಯದಿಂದ ದೇಹಕ್ಕೆಲ್ಲ ರಕ್ತ ಹೋಗುವ ಮುಖ್ಯ ಬಾಗಿಲು ಅಯೋರ್ಟಿಕ್ ವಾಲ್ವ್. ವಯಸ್ಸಾದಂತೆ ಅದರ ಮೇಲೆ ಸುಣ್ಣದ ಅಂಶ ಕೂತು ಬಾಗಿಲು ಗಟ್ಟಿಯಾಗುತ್ತದೆ, ಪೂರ್ತಿ ತೆರೆಯುವುದಿಲ್ಲ. ಆರೋಗ್ಯವಂತರಲ್ಲಿ 3ರಿಂದ 4 ಚದರ ಸೆಂಟಿಮೀಟರ್ ತೆರೆಯುವ ಜಾಗ 1 ಚದರ ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಅದನ್ನು ತೀವ್ರ ಅನ್ನುತ್ತಾರೆ. ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟ್‌ನಲ್ಲಿ ಇನ್ನೆರಡು ಸಂಖ್ಯೆ ನೋಡಿ: ವಾಲ್ವ್‌ನ ಆಚೆ ಈಚೆ ಸರಾಸರಿ ಒತ್ತಡದ ವ್ಯತ್ಯಾಸ 40 (mmHg) ಅಥವಾ ಅದಕ್ಕಿಂತ ಜಾಸ್ತಿ, ರಕ್ತದ ವೇಗ ಸೆಕೆಂಡಿಗೆ 4 ಮೀಟರ್ ಅಥವಾ ಜಾಸ್ತಿ. ಇವೂ ತೀವ್ರದ ಗುರುತುಗಳೇ.

ಬ್ಲಾಕ್ ಅನ್ನುವುದು ಹೃದಯದ ಮಾಂಸಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳಲ್ಲಿ ಆಗುವುದು. ತೊಂದರೆ ಬೇರೆ, ಆದರೆ ಬೇರು ಬಹುಮಟ್ಟಿಗೆ ಒಂದೇ: ವಯಸ್ಸು, ಬಿಪಿ, ಶುಗರ್, ಕೊಲೆಸ್ಟ್ರಾಲ್, ಸಿಗರೇಟು. ಹಾಗಾಗಿ ಇವು ಜೊತೆಯಾಗಿ ಬರುವುದು ವಿಚಿತ್ರವೇನಲ್ಲ. ಟಾವಿಗೆ ಬರುವ ತುಂಬಾ ವಯಸ್ಸಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಮಟ್ಟದ ಬ್ಲಾಕ್ ಇರುತ್ತದೆ. "ನಮಗೇ ಯಾಕೆ ಎರಡೆರಡು" ಅಂತ ಕೊರಗಬೇಡಿ. ಟಾವಿ ಮಾಡುವ ತಂಡ ಇದನ್ನು ಪ್ರತಿ ವಾರ ನೋಡುತ್ತಿರುತ್ತದೆ.

ಕಷ್ಟ ಇರುವುದು ಲಕ್ಷಣಗಳಲ್ಲಿ. ನಡೆದರೆ ಏದುಸಿರು, ಎದೆ ಹಿಡಿದ ಹಾಗೆ ಆಗುವುದು, ಸುಸ್ತು. ಇದು ವಾಲ್ವ್‌ನಿಂದಲೂ ಬರಬಹುದು, ಬ್ಲಾಕ್‌ನಿಂದಲೂ ಬರಬಹುದು. ಕಿರಿದಾದ ಬಾಗಿಲಿನ ವಿರುದ್ಧ ವರ್ಷಗಟ್ಟಲೆ ತಳ್ಳಿ ತಳ್ಳಿ ಹೃದಯದ ಮಾಂಸ ದಪ್ಪ ಆಗಿರುತ್ತದೆ, ಆ ದಪ್ಪ ಮಾಂಸಕ್ಕೆ ರಕ್ತ ಸಾಲದೆ, ಒಂದೂ ಬ್ಲಾಕ್ ಇಲ್ಲದವರಿಗೂ ಎದೆನೋವು ಬರುತ್ತದೆ. ಎದೆನೋವು ಇದೆ ಅಂದ ಮಾತ್ರಕ್ಕೆ ಬ್ಲಾಕೇ ಕಾರಣ ಅಂತಲೂ ಅಲ್ಲ, ಸ್ಟೆಂಟ್ ಹಾಕಿದರೆ ನೋವು ಹೋಗೇ ಹೋಗುತ್ತದೆ ಅಂತಲೂ ಅಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎದೆನೋವು ಅಂದ ಕೂಡಲೇ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಕೊಡುವ ರೂಢಿ ತುಂಬಾ ಮನೆಗಳಲ್ಲಿದೆ. ವಾಲ್ವ್ ತೀವ್ರವಾಗಿ ಕಿರಿದಾಗಿರುವವರಲ್ಲಿ ಅದು ಬಿಪಿಯನ್ನು ದಿಢೀರ್ ಇಳಿಸಿ ತಲೆಸುತ್ತಿ ಬೀಳುವಂತೆ ಮಾಡಬಹುದು. ನಿಮ್ಮ ರೋಗಿಗೆ ಅದನ್ನು ಕೊಡಬಹುದಾ ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 2: ಪರೀಕ್ಷೆಗಳಿಗೆ ಹೋಗುವ ಮುಂಚೆ ತಯಾರಿ

ಎಕೋ ಆದಮೇಲೆ ಸಾಮಾನ್ಯವಾಗಿ ಸಿಟಿ ಸ್ಕ್ಯಾನ್ ಆಗುತ್ತದೆ. ಟಾವಿಗೆ ಸಿಟಿ ಬೇಕೇ ಬೇಕು. ಯಾವ ಅಳತೆಯ ವಾಲ್ವ್ ಹಿಡಿಯುತ್ತದೆ, ತೊಡೆಯ ನಾಳದಲ್ಲಿ ದಾರಿ ಇದೆಯಾ, ಕೊರೊನರಿ ನಾಳಗಳ ಬಾಯಿ ವಾಲ್ವ್‌ನಿಂದ ಎಷ್ಟು ಎತ್ತರದಲ್ಲಿದೆ, ಇದೆಲ್ಲ ಗೊತ್ತಾಗುವುದು ಅದರಲ್ಲೇ. ಅದೇ ಸಿಟಿಯಲ್ಲಿ ಕೊರೊನರಿ ನಾಳಗಳೂ ಚೆನ್ನಾಗಿ ಕಂಡು, ದೊಡ್ಡ ನಾಳಗಳಲ್ಲಿ ಬ್ಲಾಕ್ ಇಲ್ಲ ಅಂತ ಸ್ಪಷ್ಟವಾದರೆ ಕೆಲವರಿಗೆ ಬೇರೆ ಆಂಜಿಯೋಗ್ರಾಂ ಬೇಕಾಗುವುದಿಲ್ಲ. ಆದರೆ ವಯಸ್ಸಾದವರ ನಾಳದಲ್ಲಿ ಸುಣ್ಣ ಜಾಸ್ತಿ ಇರುತ್ತದೆ, ಹಳೇ ಸ್ಟೆಂಟ್ ಇರಬಹುದು, ಆಗ ಸಿಟಿ ಚಿತ್ರ ಮಸುಕಾಗುತ್ತದೆ. ಅಂಥವರಿಗೆ ಕೈ ಮಣಿಕಟ್ಟಿನಿಂದಲೋ ತೊಡೆಯಿಂದಲೋ ಆಂಜಿಯೋಗ್ರಾಂ ಮಾಡಲೇಬೇಕು.

ಎರಡಕ್ಕೂ ನಾಳಗಳು ಚಿತ್ರದಲ್ಲಿ ಕಾಣುವ ಹಾಗೆ ರಕ್ತಕ್ಕೆ ಡೈ ಎಂಬ ದ್ರವ ಹಾಕುತ್ತಾರೆ. ಡೈ ಕಿಡ್ನಿ ಮೂಲಕ ಹೊರಗೆ ಹೋಗಬೇಕು. ಸಿಟಿ, ಆಂಜಿಯೋಗ್ರಾಂ, ಸ್ಟೆಂಟ್, ಟಾವಿ ಅಂತ ಒಂದರ ಹಿಂದೆ ಒಂದು ಬಂದರೆ ವಯಸ್ಸಾದ ಕಿಡ್ನಿಗೆ ನಾಲ್ಕು ಸಲ ಹೊರೆ. ಅದಕ್ಕೇ ಕಿಡ್ನಿ ಹೇಗಿದೆ ಅಂತ ಹೇಳುವ ಇತ್ತೀಚಿನ ಕ್ರಿಯೇಟಿನಿನ್ ರಿಪೋರ್ಟ್ ಕೈಯಲ್ಲಿ ಇಟ್ಟುಕೊಂಡೇ ಹೋಗಿ, ಎರಡು ಪರೀಕ್ಷೆಗಳ ನಡುವೆ ಎಷ್ಟು ದಿನ ಬಿಡಬೇಕು ಅಂತ ಕೇಳಿ. ಕಿಡ್ನಿ ಕೆಲಸ ಕಡಿಮೆ ಇದ್ದು ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಕೆಲವು ದಿನ ನಿಲ್ಲಿಸಲು ಹೇಳಬಹುದು. ಸುಮ್ನೆ ನೀವೇ ನಿಲ್ಲಿಸಬೇಡಿ. ನೀರು ಜಾಸ್ತಿ ಕುಡಿಸೋಣ ಅಂತಲೂ ನೀವೇ ತೀರ್ಮಾನ ಮಾಡಬೇಡಿ, ಹೃದಯ ದುರ್ಬಲ ಇರುವವರಿಗೆ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳುವ ಭಯ ಇದೆ.

ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ ಬಂದಿರಾ? ಇದನ್ನು ತುಂಬಾ ಜನ ಮರೆಯುತ್ತಾರೆ. ಕೊಳೆತ ಹಲ್ಲಿನಿಂದ ರಕ್ತಕ್ಕೆ ಸೇರುವ ಸೋಂಕು ಹೊಸ ವಾಲ್ವ್ ಮೇಲೆ ಕೂರಬಹುದು. ಹಲ್ಲಿನ ಕೆಲಸ ಏನಿದ್ದರೂ ವಾಲ್ವ್‌ಗೆ ಮುಂಚೆ ಮುಗಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 3: ಬ್ಲಾಕ್ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದನ್ನು ಕೇಳಿ

ಆಂಜಿಯೋಗ್ರಾಂ ಚಿತ್ರವನ್ನು ತೋರಿಸಿ ಅಂತ ಕೇಳಿ. ತೋರಿಸುತ್ತಾರೆ. ಬೂದು ಪರದೆಯ ಮೇಲೆ ಕಪ್ಪು ಗೆರೆಗಳು ಬೇರಿನ ಹಾಗೆ ಹರಡಿಕೊಂಡು ಹೃದಯದ ಬಡಿತಕ್ಕೆ ಕುಣಿಯುತ್ತಿರುತ್ತವೆ. ಒಂದು ಕಡೆ ಗೆರೆ ಪೆನ್ಸಿಲ್‌ನಷ್ಟು ದಪ್ಪ ಇದ್ದದ್ದು ಇದ್ದಕ್ಕಿದ್ದಂತೆ ದಾರದಷ್ಟು ಸಣ್ಣ ಆಗಿ ಮತ್ತೆ ದಪ್ಪ ಆಗುತ್ತದೆ. ಅದೇ ಬ್ಲಾಕ್. ನಮ್ಮ ಮಾವನವರ ಚಿತ್ರದಲ್ಲಿ ಅಂಥ ಮೂರು ಜಾಗ ಇದ್ದವು. ಡಾಕ್ಟರ್ ಬೆರಳಿಟ್ಟು ತೋರಿಸಿದ್ದು ಒಂದನ್ನೇ. ಉಳಿದ ಎರಡು ತುದಿಯ ಸಣ್ಣ ಕವಲುಗಳಲ್ಲಿದ್ದವು. "ಇವನ್ನು ಮಾತ್ರೆಯಲ್ಲೇ ನೋಡಿಕೊಳ್ಳೋಣ" ಅಂದರು. ಮೂರೂ ತೆಗೆಸಿಬಿಡೋಣ ಅಂತ ಸಿದ್ಧರಾಗಿದ್ದ ನಮಗೆ ಆಗ ಅದು ಉದಾಸೀನದಂತೆ ಕಂಡಿತು. ಈಗ ಯೋಚಿಸಿದರೆ ಆ ಇಡೀ ಚಿಕಿತ್ಸೆಯಲ್ಲೇ ಒಳ್ಳೆಯ ತೀರ್ಮಾನ ಅದು.

ಎಡಗಡೆಯ ಮುಖ್ಯ ನಾಳ, ಅದರಿಂದ ಮುಂದಕ್ಕೆ ಇಳಿಯುವ ದೊಡ್ಡ ನಾಳದ ಆರಂಭದ ಭಾಗ, ಇವು ಮರದ ಕಾಂಡ ಇದ್ದ ಹಾಗೆ. ಅಲ್ಲಿ ಬ್ಲಾಕ್ ಆದರೆ ಹೃದಯದ ದೊಡ್ಡ ಪಾಲಿಗೆ ಅಪಾಯ. ತುದಿ ರೆಂಬೆಯಲ್ಲಿ 80 ಪರ್ಸೆಂಟ್ ಇರುವುದಕ್ಕೂ ಕಾಂಡದಲ್ಲಿ 70 ಪರ್ಸೆಂಟ್ ಇರುವುದಕ್ಕೂ ತುಂಬಾ ವ್ಯತ್ಯಾಸ ಇದೆ. 2020ರ ಅಮೆರಿಕದ ಮಾರ್ಗಸೂಚಿಯಾಗಲಿ 2021ರ ಯುರೋಪಿನ ಮಾರ್ಗಸೂಚಿಯಾಗಲಿ, ಟಾವಿ ರೋಗಿಗಳಲ್ಲಿ ಸ್ಟೆಂಟ್ ಬಗ್ಗೆ ಮಾತಾಡುವಾಗ ಒತ್ತು ಕೊಟ್ಟದ್ದು ಈ ಆರಂಭದ ಭಾಗದ ದೊಡ್ಡ ಬ್ಲಾಕ್‌ಗಳಿಗೇ.

ಕಣ್ಣಳತೆಯಲ್ಲಿ ನಿರ್ಧಾರ ಆಗದಿದ್ದಾಗ ನಾಳದೊಳಗೆ ಕೂದಲಿನಷ್ಟು ಸಣ್ಣ ತಂತಿ ಬಿಟ್ಟು ಬ್ಲಾಕ್‌ನ ಆಚೆ ಈಚೆ ಒತ್ತಡ ಅಳೆಯುತ್ತಾರೆ. ಇದಕ್ಕೆ ಎಫ್‌ಎಫ್‌ಆರ್ ಅನ್ನುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ನಿಜವಾಗಿಯೂ ರಕ್ತ ತಡೆಯುತ್ತಿದೆ ಅಂತ ಅರ್ಥ. ಆದರೆ ವಾಲ್ವ್ ಕಿರಿದಾಗಿರುವಾಗ ಈ ಅಳತೆ ಸ್ವಲ್ಪ ಮೋಸ ಮಾಡಬಹುದು. ದಪ್ಪಗಾದ ಹೃದಯದಲ್ಲಿ ರಕ್ತದ ಹರಿವು ಮಾಮೂಲಿನ ಹಾಗೆ ಏರುವುದಿಲ್ಲ, ಹಾಗಾಗಿ ಎಫ್‌ಎಫ್‌ಆರ್ ಬ್ಲಾಕನ್ನು ಇರುವುದಕ್ಕಿಂತ ಸಣ್ಣದಾಗಿ ತೋರಿಸಬಹುದು. ಐಎಫ್‌ಆರ್ ಎಂಬ ಇನ್ನೊಂದು ಅಳತೆ ಇದಕ್ಕೆ ಉಲ್ಟಾ, ಇರುವುದಕ್ಕಿಂತ ದೊಡ್ಡದಾಗಿ ತೋರಿಸಬಹುದು. 0.79 ಬಂತು, 0.82 ಬಂತು ಅಂತ ಗಡಿಯ ಹತ್ತಿರದ ಸಂಖ್ಯೆ ಹಿಡಿದು ತಲೆ ಕೆಡಿಸಿಕೊಳ್ಳಬೇಡಿ. ವಾಲ್ವ್ ಆದಮೇಲೆ ಮತ್ತೆ ಅಳೆಯುವ ಯೋಚನೆ ಇದೆಯಾ ಅಂತ ಕೇಳಿ.

ಹೆಜ್ಜೆ 4: ಸ್ಟೆಂಟ್ ಬೇಕಾ? ಇದಕ್ಕೆ ಸಮಯ ಕೊಡಿ

ಬ್ಲಾಕ್ ಕಂಡರೆ ತೆಗೆಸಿಬಿಡಬೇಕು ಅನ್ನುವುದು ನಮ್ಮೆಲ್ಲರ ಮೊದಲ ಅನಿಸಿಕೆ, ಅಲ್ವಾ? ಮೊದಮೊದಲು ಡಾಕ್ಟರ್‌ಗಳೂ ಬಹುಮಟ್ಟಿಗೆ ಹಾಗೇ ಯೋಚಿಸುತ್ತಿದ್ದರು. 2002ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನ ರುವಾನ್ ನಗರದಲ್ಲಿ ಡಾ. ಅಲೆನ್ ಕ್ರಿಬಿಯೇ ಮೊದಲ ಸಲ ಮನುಷ್ಯರಿಗೆ ಹೀಗೆ ನಾಳದ ಮೂಲಕ ಅಯೋರ್ಟಿಕ್ ವಾಲ್ವ್ ಹಾಕಿದರು. ಆಮೇಲಿನ ವರ್ಷಗಳಲ್ಲಿ, ಆಪರೇಷನ್‌ನಲ್ಲಿ ವಾಲ್ವ್ ಹಾಕುವಾಗ ಬೈಪಾಸ್ (ಬ್ಲಾಕ್ ದಾಟಿ ರಕ್ತಕ್ಕೆ ಬೇರೆ ನಾಳದ ದಾರಿ ಹೊಲಿಯುವುದು) ಕೂಡ ಮಾಡುವ ಹಾಗೆ, ಇಲ್ಲೂ ಮೊದಲು ಸ್ಟೆಂಟ್ ಹಾಕಿ ಆಮೇಲೆ ವಾಲ್ವ್ ಹಾಕುವ ರೂಢಿ ಬೆಳೆಯಿತು. ಅದು ನಿಜವಾಗಿ ಉಪಯೋಗವಾ ಅಂತ ಪರೀಕ್ಷೆ ಮಾಡಿ ನೋಡಿದ್ದು ತಡವಾಗಿ.

ಆಕ್ಟಿವೇಶನ್ ಎಂಬ ಅಧ್ಯಯನ 2021ರಲ್ಲಿ ಬಂತು. 235 ಜನ. ಅರ್ಧ ಜನರಿಗೆ ಟಾವಿಗೆ ಮುಂಚೆ ಸ್ಟೆಂಟ್, ಉಳಿದವರಿಗೆ ಇಲ್ಲ. ಒಂದು ವರ್ಷದಲ್ಲಿ ಸಾವು ಅಥವಾ ಮತ್ತೆ ಆಸ್ಪತ್ರೆ ಸೇರುವುದು ಸ್ಟೆಂಟ್ ಗುಂಪಿನಲ್ಲಿ 41.5 ಪರ್ಸೆಂಟ್, ಸ್ಟೆಂಟ್ ಇಲ್ಲದ ಗುಂಪಿನಲ್ಲಿ 44 ಪರ್ಸೆಂಟ್. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ರಕ್ತಸ್ರಾವ ಮಾತ್ರ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಜಾಸ್ತಿ; ಸ್ಟೆಂಟ್ ಹಾಕಿದರೆ ಸ್ವಲ್ಪ ಕಾಲ ರಕ್ತ ತೆಳು ಮಾಡುವ ಎರಡು ಮಾತ್ರೆ ತಗೊಳ್ಳಬೇಕಾಗುತ್ತದೆ. ಸಣ್ಣ ಅಧ್ಯಯನ, ಪಕ್ಕಾ ಉತ್ತರ ಕೊಡುವಷ್ಟು ದೊಡ್ಡದಲ್ಲ.

2024ರಲ್ಲಿ ನೋಶನ್-3 ಬಂತು. 455 ಜನ, ಹೆಚ್ಚಿನವರು 80ರ ಆಸುಪಾಸಿನವರು. ಇದರಲ್ಲಿ ಎಲ್ಲ ಬ್ಲಾಕ್ ಇರುವವರನ್ನೂ ಸೇರಿಸಲಿಲ್ಲ. ಎಫ್‌ಎಫ್‌ಆರ್ 0.80 ಅಥವಾ ಕಡಿಮೆ ಇರಬೇಕು, ಇಲ್ಲವೇ 90 ಪರ್ಸೆಂಟ್ ಮೇಲ್ಪಟ್ಟು ಮುಚ್ಚಿರಬೇಕು. ಸುಮಾರು 2 ವರ್ಷ ನೋಡಿದಾಗ ಸಾವು, ಹಾರ್ಟ್ ಅಟ್ಯಾಕ್, ತುರ್ತಾಗಿ ಬ್ಲಾಕ್ ತೆಗೆಸಬೇಕಾಗಿ ಬರುವುದು, ಇವುಗಳಲ್ಲಿ ಒಂದಾದರೂ ಆದವರು ಸ್ಟೆಂಟ್ ಗುಂಪಿನಲ್ಲಿ 100ಕ್ಕೆ 26, ಬರೀ ಮಾತ್ರೆಯಲ್ಲಿದ್ದವರಲ್ಲಿ 100ಕ್ಕೆ 36. ಇಲ್ಲಿ ಸ್ಟೆಂಟ್ ಗೆದ್ದಿತು. ಆದರೆ ರಕ್ತಸ್ರಾವ ಸ್ಟೆಂಟ್ ಗುಂಪಿನಲ್ಲಿ 100ಕ್ಕೆ 28, ಇನ್ನೊಂದರಲ್ಲಿ 20. ಲಾಭ ಬಹುಮಟ್ಟಿಗೆ ಹಾರ್ಟ್ ಅಟ್ಯಾಕ್ ಮತ್ತು ತುರ್ತು ಸ್ಟೆಂಟ್ ಕಡಿಮೆಯಾದದ್ದರಿಂದ ಬಂತು, ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಇವೆರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ಅನಿಸುವುದು ಇಷ್ಟು. ನಿಜವಾಗಿ ರಕ್ತ ತಡೆಯುತ್ತಿರುವ, ದೊಡ್ಡ ನಾಳದಲ್ಲಿರುವ ಬ್ಲಾಕ್ ತೆಗೆಸುವುದರಲ್ಲಿ ಅರ್ಥ ಇದೆ. ಕಂಡದ್ದನ್ನೆಲ್ಲ ತೆಗೆಸುವುದರಲ್ಲಿ ಇಲ್ಲ. ಇನ್ನೊಂದು ಮಾತು: 100ರಲ್ಲಿ 10 ಜನರಿಗೆ ಸಿಗುವ ಲಾಭ ಮತ್ತು 8 ಜನರಿಗೆ ಹೆಚ್ಚಾಗುವ ರಕ್ತಸ್ರಾವ, ಇವೆರಡರಲ್ಲಿ ನಿಮ್ಮ ಮನೆಯವರಿಗೆ ಯಾವುದು ಹತ್ತಿರ ಅಂತ ನೋಡಬೇಕು. ಹಿಂದೆ ಹೊಟ್ಟೆಯಲ್ಲಿ ರಕ್ತ ಹೋಗಿದೆಯಾ? ಹಿಮೋಗ್ಲೋಬಿನ್ ಕಡಿಮೆಯಾ? ಪದೇ ಪದೇ ಬೀಳುತ್ತಾರಾ? ಈಗಾಗಲೇ ರಕ್ತ ತೆಳು ಮಾಡುವ ಮಾತ್ರೆ ಇದೆಯಾ? ಇವಕ್ಕೆ ಹೌದು ಅಂತಾದರೆ ಅದನ್ನು ಡಾಕ್ಟರ್ ಕೇಳುವವರೆಗೆ ಕಾಯಬೇಡಿ, ನೀವೇ ಬಾಯಿಬಿಟ್ಟು ಹೇಳಿ. ವಾಲ್ವ್ ತೀವ್ರವಾಗಿ ಕಿರಿದಾಗಿರುವ ಕೆಲವರಲ್ಲಿ ಕರುಳಿನ ಸಣ್ಣ ನಾಳಗಳಿಂದ ಸದ್ದಿಲ್ಲದೆ ರಕ್ತ ಸೋರುತ್ತಿರುತ್ತದೆ, ವಾಲ್ವ್ ಬದಲಾದ ಮೇಲೆ ತುಂಬಾ ಜನರಲ್ಲಿ ಅದು ಕಡಿಮೆಯಾಗುತ್ತದೆ. ಅಂಥವರಿಗೆ ಮೊದಲೇ ಸ್ಟೆಂಟ್ ಹಾಕಿ ಎರಡೆರಡು ಮಾತ್ರೆ ಶುರು ಮಾಡುವ ಮುಂಚೆ ನೂರು ಸಲ ಯೋಚಿಸಬೇಕು.

ಹಾರ್ಟ್ ಅಟ್ಯಾಕ್ ಆಗಿ ಬಂದವರ ವಿಷಯ ಬೇರೆ. ಕೂತಲ್ಲೇ ಎದೆನೋವು ಬರುತ್ತಿದ್ದು ಇಸಿಜಿ, ರಕ್ತ ಪರೀಕ್ಷೆ ಅದನ್ನೇ ಹೇಳುತ್ತಿದ್ದರೆ ಬ್ಲಾಕ್ ಮೊದಲು. ಅಲ್ಲಿ ಈ ಲೆಕ್ಕಾಚಾರಕ್ಕೆ ಸಮಯ ಇರುವುದಿಲ್ಲ.

ಬೈಪಾಸ್ ಬಗ್ಗೆ ಕೇಳುವುದನ್ನೂ ಮರೆಯಬೇಡಿ. ವಯಸ್ಸು ಅಷ್ಟೇನೂ ಆಗಿಲ್ಲ, ಮೂರೂ ನಾಳಗಳಲ್ಲಿ ಕಷ್ಟದ ಬ್ಲಾಕ್ ಇದೆ, ಶುಗರ್ ಇದೆ, ಉಳಿದಂತೆ ಗಟ್ಟಿಮುಟ್ಟಾಗಿದ್ದಾರೆ ಅಂದರೆ ಎದೆ ತೆರೆದು ವಾಲ್ವ್ ಮತ್ತು ಬೈಪಾಸ್ ಒಂದೇ ಸಲ ಮಾಡುವುದು ಇವತ್ತಿಗೂ ಒಳ್ಳೆಯ ದಾರಿ. 70 ದಾಟಿದ 172 ಜನರ ಮೇಲೆ ನಡೆದ ಟಿಸಿಡಬ್ಲ್ಯೂ ಅಧ್ಯಯನದಲ್ಲಿ ಸ್ಟೆಂಟ್ ಮತ್ತು ಟಾವಿ ಗುಂಪಿನಲ್ಲಿ ಒಂದು ವರ್ಷದೊಳಗೆ 4 ಪರ್ಸೆಂಟ್ ಜನರಿಗೆ ದೊಡ್ಡ ತೊಂದರೆಯಾಯಿತು, ಆಪರೇಷನ್ ಗುಂಪಿನಲ್ಲಿ 23 ಪರ್ಸೆಂಟ್. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಆದರೆ ಅಧ್ಯಯನ ಸಣ್ಣದು, ಬೇಗ ನಿಲ್ಲಿಸಿದ್ದು. ಹಾರ್ಟ್ ಟೀಮ್ ಅಂತ ಕರೆಯುವ ತಂಡದಲ್ಲಿ ಸರ್ಜನ್ ಕೂಡ ಇರಬೇಕು. ಅವರು ನಿಮ್ಮ ಕೇಸ್ ನೋಡಿದ್ದಾರಾ ಅಂತ ನೇರವಾಗಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಹೆಜ್ಜೆ 5: ಸ್ಟೆಂಟ್ ಬೇಕು ಅಂತಾದರೆ, ಯಾವಾಗ?

ವಾಲ್ವ್‌ಗೆ ಮುಂಚೆ ಹಾಕುವುದು ಹೆಚ್ಚು ಬಳಕೆಯಲ್ಲಿದೆ. ನೋಶನ್-3ರಲ್ಲೂ ಬಹುತೇಕರಿಗೆ ಹಾಗೇ ಆಯಿತು. ನಾಳದ ಬಾಯಿಗೆ ದಾರಿ ಸಲೀಸು, ಡೈ ಎರಡು ಸಲಕ್ಕೆ ಹಂಚಿಹೋಗುತ್ತದೆ, ಟಾವಿ ಮಾಡುವಾಗ ಹೃದಯಕ್ಕೆ ರಕ್ತ ಚೆನ್ನಾಗಿ ಹೋಗುತ್ತಿರುತ್ತದೆ. ಕಾಂಡದ ಭಾಗದ ಬ್ಲಾಕ್‌ಗೆ ಇದೇ ಸರಿ ಅನಿಸುತ್ತದೆ. ತೊಂದರೆ ಏನೆಂದರೆ, ಎರಡು ರಕ್ತ ತೆಳು ಮಾಡುವ ಮಾತ್ರೆಗಳ ಮೇಲಿರುವಾಗಲೇ ತೊಡೆಯಲ್ಲಿ ದೊಡ್ಡ ಕೊಳವೆ ಹಾಕಿ ವಾಲ್ವ್ ಕೂರಿಸಬೇಕು.

ಒಟ್ಟಿಗೇ ಮಾಡಿದರೆ ಒಂದೇ ಸಲ ಆಸ್ಪತ್ರೆ, ಆದರೆ ಡೈ ಮತ್ತು ಸಮಯ ಜಾಸ್ತಿ. ಸುಲಭದ ಒಂದು ಬ್ಲಾಕ್ ಇದ್ದು ಕಿಡ್ನಿ ಚೆನ್ನಾಗಿದ್ದರೆ ಸರಿ.

ವಾಲ್ವ್ ಆದಮೇಲೆ ಮಾಡುವ ಕಡೆಗೂ ಈಗ ಒಲವು ಬೆಳೆಯುತ್ತಿದೆ. ಬಾಗಿಲು ಸರಿಯಾದ ಮೇಲೆ ಹೃದಯದ ಹೊರೆ ಇಳಿಯುತ್ತದೆ, ಎದೆನೋವು ಉಳಿದಿದೆಯಾ ಇಲ್ಲವಾ ಅಂತ ನೋಡಬಹುದು, ಎಫ್‌ಎಫ್‌ಆರ್ ಅಳತೆಯನ್ನೂ ಹೆಚ್ಚು ನಂಬಬಹುದು. ಎಷ್ಟೋ ಜನರಿಗೆ ವಾಲ್ವ್ ಆದಮೇಲೆ ಎದೆನೋವೇ ಇರುವುದಿಲ್ಲ, ಸ್ಟೆಂಟ್ ಮಾತೇ ಹಿಂದೆ ಸರಿಯುತ್ತದೆ. ಇಲ್ಲಿರುವ ಒಂದೇ ದೊಡ್ಡ ಕಷ್ಟ, ಹೊಸ ವಾಲ್ವ್‌ನ ಚೌಕಟ್ಟು ದಾಟಿ ನಾಳದ ಬಾಯಿ ಮುಟ್ಟುವುದು.

ಹೆಜ್ಜೆ 6: ವಾಲ್ವ್ ಆರಿಸುವಾಗಲೇ ನಾಳೆಯ ಆಂಜಿಯೋಗ್ರಾಂ ನೆನಪಿರಲಿ

ಟಾವಿ ವಾಲ್ವ್ ಅಂದರೆ ಲೋಹದ ಜಾಲರಿಯ ಒಂದು ಸಣ್ಣ ಕೊಳವೆ, ಅದರೊಳಗೆ ದನ ಅಥವಾ ಹಂದಿಯ ಅಂಗಾಂಶದಿಂದ ಹೊಲಿದ ಮೂರು ಎಸಳು. ಕೊರೊನರಿ ನಾಳಗಳು ಹೊರಡುವುದು ವಾಲ್ವ್‌ಗೆ ಸ್ವಲ್ಪವೇ ಮೇಲೆ. ಜಾಲರಿ ಎತ್ತರವಾಗಿದ್ದರೆ ಅದು ಆ ಬಾಯಿಗಳ ಮುಂದೆ ಬೇಲಿಯ ಹಾಗೆ ನಿಲ್ಲುತ್ತದೆ. ಮುಂದೆ ಯಾವತ್ತೋ ಆಂಜಿಯೋಗ್ರಾಂ ಬೇಕಾದರೆ, ಎರಡು ಮಿಲಿಮೀಟರ್ ದಪ್ಪದ ಕೊಳವೆಯ ತುದಿಯನ್ನು ಬಡಿಯುತ್ತಿರುವ ಹೃದಯದ ಪಕ್ಕದಲ್ಲಿ, ಜಾಲರಿಯ ಒಂದು ವಜ್ರಾಕಾರದ ಕಿಂಡಿಯೊಳಗೆ ತೂರಿಸಿ, ಆಚೆ ಇರುವ ನಾಳದ ಬಾಯಿಗೆ ಸರಿಯಾಗಿ ತಾಗಿಸಬೇಕು. ವಾಲ್ವ್‌ನ ಎಸಳುಗಳು ಸೇರುವ ಕಂಬ ಆ ಬಾಯಿಯ ಎದುರಿಗೇ ಬಂದಿದ್ದರೆ ಇನ್ನೂ ಕಷ್ಟ.

ರಿ-ಆಕ್ಸೆಸ್ ಎಂಬ ಅಧ್ಯಯನದಲ್ಲಿ 300 ಜನರಿಗೆ ಟಾವಿ ಆದ ಕೂಡಲೇ ಮತ್ತೆ ಆಂಜಿಯೋಗ್ರಾಂ ಮಾಡಿ ನೋಡಿದರು. 23 ಜನರಲ್ಲಿ ನಾಳದ ಬಾಯಿಗೆ ಕೊಳವೆ ಸರಿಯಾಗಿ ಕೂರಲಿಲ್ಲ. ಅವರಲ್ಲಿ 22 ಜನರಿಗೆ ಇದ್ದದ್ದು ಎತ್ತರದ ಚೌಕಟ್ಟಿನ, ತಾನೇ ಬಿಚ್ಚಿಕೊಳ್ಳುವ ವಾಲ್ವ್. ಇದರಿಂದ ಆ ವಾಲ್ವ್ ಕೆಟ್ಟದ್ದು ಅಂತ ಅಲ್ಲ. ಒಳಗಿನ ಜಾಗ ಕಿರಿದಾಗಿರುವವರಿಗೆ ಅದರಲ್ಲಿ ರಕ್ತ ಹೆಚ್ಚು ಸರಾಗವಾಗಿ ಹರಿಯುತ್ತದೆ. ಆದರೆ ಈಗಾಗಲೇ ಬ್ಲಾಕ್ ಇರುವವರಿಗೆ, ಮುಂದೆ ಸ್ಟೆಂಟ್ ಬೇಕಾಗುವ ಸಾಧ್ಯತೆ ಇರುವವರಿಗೆ, ಬಲೂನಿನಿಂದ ಹಿಗ್ಗಿಸುವ ಗಿಡ್ಡ ಚೌಕಟ್ಟಿನ ವಾಲ್ವ್ ಹೊಂದುತ್ತದಾ ಅಂತ ಕೇಳುವುದು ನ್ಯಾಯ. ಎತ್ತರದ್ದನ್ನೇ ಹಾಕುವುದಾದರೆ, ಹಳೇ ವಾಲ್ವ್‌ನ ಎಸಳುಗಳ ಸಾಲಿಗೆ ಹೊಸದನ್ನು ಹೊಂದಿಸಿ ಕೂರಿಸುತ್ತೀರಾ ಅಂತ ಕೇಳಿ. ಈಗ ಅದಕ್ಕೆ ಒಳ್ಳೆಯ ವಿಧಾನಗಳು ಬಂದಿವೆ.

ನಾಳದ ಬಾಯಿ ತೀರಾ ಕೆಳಗಿದ್ದರೆ, ಅಂದರೆ ಸುಮಾರು 10ರಿಂದ 12 ಮಿಲಿಮೀಟರ್‌ಗಿಂತ ಕಡಿಮೆ ಎತ್ತರದಲ್ಲಿದ್ದರೆ, ಹಳೇ ಎಸಳು ಮೇಲಕ್ಕೆ ತಳ್ಳಲ್ಪಟ್ಟು ಬಾಯನ್ನೇ ಮುಚ್ಚುವ ಅಪಾಯ ಇರುತ್ತದೆ. ಮಾಮೂಲಿ ಟಾವಿಯಲ್ಲಿ ಇದು 100ಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಆಗುತ್ತದೆ, ಹಳೇ ಕೃತಕ ವಾಲ್ವ್ ಒಳಗೆ ಹೊಸದು ಹಾಕುವಾಗ ಜಾಸ್ತಿ. ಆದರೆ ಪ್ರಾಣಕ್ಕೇ ಕುತ್ತು. ಸಿಟಿಯಲ್ಲಿ ಇದನ್ನು ಮೊದಲೇ ಅಳೆದಿರುತ್ತಾರೆ. "ನಮ್ಮವರದ್ದು ಎಷ್ಟು ಎತ್ತರ ಇದೆ?" ಒಂದೇ ಪ್ರಶ್ನೆ, ಕೇಳಿಬಿಡಿ.

ಹೆಜ್ಜೆ 7: ಪ್ರತಿ ಮಾತ್ರೆಗೂ ಮುಗಿಯುವ ತಾರೀಖು ಬರೆಸಿಕೊಳ್ಳಿ

ನಮ್ಮ ಮಾವನವರ ಡಿಸ್ಚಾರ್ಜ್ ಕಾಗದದಲ್ಲಿ ಆಸ್ಪಿರಿನ್ ಇತ್ತು, ಕ್ಲೊಪಿಡೊಗ್ರೆಲ್ ಇತ್ತು, ಎರಡೂ ರಕ್ತ ತೆಳು ಮಾಡುವ ಮಾತ್ರೆಗಳೇ, ಎರಡರ ಮುಂದೆಯೂ "ಮುಂದುವರಿಸಿ" ಅಂತ ಇತ್ತು. ಎಲ್ಲಿಯವರೆಗೆ ಅಂತ ಇರಲಿಲ್ಲ. ನಾವೂ ಕೇಳಲಿಲ್ಲ. ಐದು ತಿಂಗಳಾದ ಮೇಲೆ ಅವರ ಮುಂಗೈ ಮೇಲೆ ನೇರಳೆ ಬಣ್ಣದ ಕಲೆಗಳು ಕಾಣಿಸಿಕೊಂಡವು, ಹಲ್ಲುಜ್ಜಿದರೆ ಸಿಂಕ್‌ನಲ್ಲಿ ಕೆಂಪು. ತೋರಿಸಲು ಹೋದಾಗ ಗೊತ್ತಾಯಿತು, ಎರಡನೇ ಮಾತ್ರೆ ನಿಲ್ಲಿಸಬೇಕಾದ ಸಮಯ ಎರಡು ತಿಂಗಳ ಹಿಂದೆಯೇ ಕಳೆದಿತ್ತು. ದೊಡ್ಡ ಅನಾಹುತ ಆಗಲಿಲ್ಲ ಅನ್ನುವುದೇ ಪುಣ್ಯ.

ಲೆಕ್ಕ ಹೀಗಿದೆ. ಸ್ಟೆಂಟ್ ಇಲ್ಲ, ಬರೀ ಟಾವಿ ಆಗಿದೆ, ಬೇರೆ ಕಾರಣಕ್ಕೆ ರಕ್ತ ತೆಳು ಮಾಡುವ ಮಾತ್ರೆ ಬೇಕಿಲ್ಲ ಅಂದರೆ ಒಂದೇ ಮಾತ್ರೆ ಸಾಕು, ಸಾಮಾನ್ಯವಾಗಿ ದಿನಕ್ಕೆ 75ರಿಂದ 100 ಮಿಲಿಗ್ರಾಂ ಆಸ್ಪಿರಿನ್. 2020ರ ಪಾಪ್ಯುಲರ್ ಟಾವಿ ಅಧ್ಯಯನದಲ್ಲಿ ಆಸ್ಪಿರಿನ್ ಒಂದೇ ತಗೊಂಡವರಲ್ಲಿ 15.1 ಪರ್ಸೆಂಟ್ ಜನರಿಗೆ ರಕ್ತಸ್ರಾವ ಆಯಿತು, ಕ್ಲೊಪಿಡೊಗ್ರೆಲ್ ಕೂಡ ಸೇರಿಸಿದವರಲ್ಲಿ 26.6 ಪರ್ಸೆಂಟ್. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಆ ಅಧ್ಯಯನದಲ್ಲಿ ಇರಲಿಲ್ಲ, ಇದು ಮುಖ್ಯ. ಹೊಸ ಸ್ಟೆಂಟ್ ಇದ್ದರೆ ಎರಡು ಮಾತ್ರೆ ಬೇಕೇ ಬೇಕು, ಆದರೆ ಕೆಲವು ಕಾಲ ಮಾತ್ರ. ರಕ್ತಸ್ರಾವದ ಭಯ ಎಷ್ಟಿದೆ ಅನ್ನುವುದರ ಮೇಲೆ 1ರಿಂದ 6 ತಿಂಗಳು, ಆಮೇಲೆ ಒಂದೇ. ಹೃದಯದ ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದು ಅದಕ್ಕೆ ರಕ್ತ ತೆಳು ಮಾಡುವ ಬಲವಾದ ಮಾತ್ರೆ ಇದ್ದರೆ ಅದೇ ಮುಖ್ಯ, ಸ್ಟೆಂಟ್‌ಗಾಗಿ ಸ್ವಲ್ಪ ಕಾಲ ಕ್ಲೊಪಿಡೊಗ್ರೆಲ್ ಸೇರುತ್ತದೆ. ಮೂರೂ ಮಾತ್ರೆ ತಿಂಗಳುಗಟ್ಟಲೆ ಓಡುತ್ತಿದ್ದರೆ ಖಂಡಿತ ಪ್ರಶ್ನೆ ಕೇಳಿ.

ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಹೊಸ ಸ್ಟೆಂಟ್ ಇರುವಾಗ ನಡುವೆ ಮಾತ್ರೆ ಬಿಟ್ಟರೆ ಅದರೊಳಗೆ ರಕ್ತ ಹೆಪ್ಪುಗಟ್ಟಿ ದೊಡ್ಡ ಹಾರ್ಟ್ ಅಟ್ಯಾಕ್ ಆಗಬಹುದು. ಹಲ್ಲು ಕೀಳಬೇಕು, ಕಣ್ಣಿನ ಆಪರೇಷನ್ ಇದೆ ಅಂತ ಬೇರೆ ಯಾರಾದರೂ ನಿಲ್ಲಿಸಲು ಹೇಳಿದರೂ ಮೊದಲು ಹೃದಯದ ಡಾಕ್ಟರ್‌ಗೆ ಒಂದು ಫೋನ್ ಮಾಡಿ.

ಮಂಡಿ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್ ತಂದು ಕೊಡಬೇಡಿ. ಹೊಟ್ಟೆಯಲ್ಲಿ ರಕ್ತ, ಕಿಡ್ನಿಗೆ ಪೆಟ್ಟು, ಎರಡೂ ಆಗುತ್ತವೆ. ಗ್ಯಾಸಿಗೆ ಅಂತ ಒಮೆಪ್ರಜೋಲ್ ತಗೊಳ್ಳುತ್ತಿದ್ದರೆ ಹೇಳಿ, ಅದು ಕ್ಲೊಪಿಡೊಗ್ರೆಲ್‌ನ ಕೆಲಸವನ್ನು ಕಡಿಮೆ ಮಾಡುತ್ತದೆ, ಪ್ಯಾಂಟೊಪ್ರಜೋಲ್‌ಗೆ ಬದಲಾಯಿಸಬಹುದು. ಮಲ ಟಾರಿನ ಹಾಗೆ ಕಪ್ಪಗಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಹೆಜ್ಜೆ 8: ಮನೆಗೆ ಬಂದ ಮೇಲೆ

ಹೊಸ ವಾಲ್ವ್ ಬಂದ ಮೇಲೆ ರೋಗಿಗೆ ಉಸಿರಾಟ ಹಗುರಾಗುತ್ತದೆ, ಮುಖದಲ್ಲಿ ಕಳೆ ಬರುತ್ತದೆ, ಮನೆಯವರೆಲ್ಲ ಬ್ಲಾಕ್ ಇತ್ತು ಅನ್ನುವುದನ್ನೇ ಮರೆತುಬಿಡುತ್ತಾರೆ. ಬಿಟ್ಟ ಬ್ಲಾಕ್ ಅಲ್ಲೇ ಇರುತ್ತದೆ. ಅದನ್ನು ನೋಡಿಕೊಳ್ಳುವುದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಬಿಪಿ, ಶುಗರ್, ನಡಿಗೆ. ವಾಲ್ವ್ ಕಿರಿದಾಗುವುದನ್ನು ಸ್ಟ್ಯಾಟಿನ್ ನಿಧಾನ ಮಾಡುವುದಿಲ್ಲ ಅಂತ ಹಳೇ ಅಧ್ಯಯನಗಳು ತೋರಿಸಿವೆ, ಹಾಗಾಗಿ ಕೆಲವರು "ವಾಲ್ವ್ ಆಯಿತಲ್ಲ, ಇದು ಇನ್ನೇಕೆ" ಅಂತ ಬಿಟ್ಟುಬಿಡುತ್ತಾರೆ. ಅದು ಕೊಟ್ಟಿರುವುದು ಕೊರೊನರಿ ನಾಳಗಳಿಗಾಗಿ. ಬ್ಲಾಕ್ ಇರುವವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 55ಕ್ಕಿಂತ (mg/dL) ಕೆಳಗಿರಬೇಕು ಅನ್ನುತ್ತದೆ ಯುರೋಪಿನ ಮಾರ್ಗಸೂಚಿ. ತುಂಬಾ ವಯಸ್ಸಾದವರಿಗೆ ಎಷ್ಟು ಡೋಸ್ ಅನ್ನುವುದನ್ನು ಡಾಕ್ಟರ್ ನೋಡಿ ಹೇಳುತ್ತಾರೆ.

ಮೊದಲ ಕೆಲವು ವಾರ ನಾಡಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹೊಸ ವಾಲ್ವ್ ಹೃದಯದ ವಿದ್ಯುತ್ ದಾರಿಯ ಪಕ್ಕದಲ್ಲೇ ಕೂರುತ್ತದೆ, ಕೆಲವರಲ್ಲಿ ಬಡಿತ ನಿಧಾನವಾಗಿ ಪೇಸ್‌ಮೇಕರ್ (ಬಡಿತ ಕಾಯ್ದುಕೊಳ್ಳುವ ಸಣ್ಣ ಯಂತ್ರ) ಬೇಕಾಗುತ್ತದೆ. ಬ್ಲಾಕ್‌ಗೆ ಅಂತ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ಬಡಿತ ಇಳಿಸುತ್ತವೆ. ನಾಡಿ ತುಂಬಾ ಇಳಿದರೆ, ತಲೆಸುತ್ತಿ ಕಣ್ಣು ಕತ್ತಲೆ ಬಂದರೆ ಕಾಯಬೇಡಿ.

ಆಸ್ಪತ್ರೆಯವರು ಹೃದಯದ ರೋಗಿಗಳಿಗೆಂದೇ ವ್ಯಾಯಾಮದ ಕಾರ್ಯಕ್ರಮ ನಡೆಸುತ್ತಿದ್ದರೆ ಸೇರಿಸಿ. ಒಂದು ತಿಂಗಳೊಳಗೆ ಒಂದು ಎಕೋ, ಆಮೇಲೆ ವರ್ಷಕ್ಕೊಂದು. ಒಸಡಿನಿಂದ ರಕ್ತ ಬರುವಂಥ ಹಲ್ಲಿನ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಆಂಟಿಬಯೋಟಿಕ್ ಬೇಕು, ಅಲರ್ಜಿ ಇಲ್ಲದವರಿಗೆ ಸಾಮಾನ್ಯವಾಗಿ 2 ಗ್ರಾಂ ಅಮಾಕ್ಸಿಸಿಲಿನ್. ಇದು ಜೀವನಪೂರ್ತಿ.

ಕೊನೆಯ ಕೆಲಸ ಇವತ್ತೇ ಮಾಡಿ. ಒಂದು ಗಟ್ಟಿ ಕಾಗದದ ಮೇಲೆ ಬರೆಯಿರಿ: ಟಾವಿ ಆದ ತಾರೀಖು, ವಾಲ್ವ್‌ನ ಹೆಸರು ಮತ್ತು ಅಳತೆ, ಸ್ಟೆಂಟ್ ಯಾವ ನಾಳದಲ್ಲಿ ಮತ್ತು ಯಾವತ್ತು ಹಾಕಿದ್ದು, ಯಾವ ಬ್ಲಾಕ್ ಬಿಟ್ಟಿದ್ದಾರೆ, ಈಗಿನ ಮಾತ್ರೆಗಳು ಮತ್ತು ಅವು ಮುಗಿಯುವ ತಾರೀಖು, ಕ್ರಿಯೇಟಿನಿನ್, ಅಲರ್ಜಿ. ರೋಗಿಯ ಪರ್ಸ್‌ನಲ್ಲಿ ಒಂದು, ನಿಮ್ಮ ಫೋನ್‌ನಲ್ಲಿ ಅದರ ಫೋಟೋ ಒಂದು. ಎದೆನೋವು ಬಂದು ತುರ್ತು ವಿಭಾಗಕ್ಕೆ ಹೋದಾಗ ಅಲ್ಲಿರುವ ಡಾಕ್ಟರ್ ನಿಮ್ಮವರನ್ನು ಮೊದಲ ಸಲ ನೋಡುತ್ತಿರುತ್ತಾರೆ. ಮೊದಲ ಮಾತೇ "ಇವರಿಗೆ ಟಾವಿ ವಾಲ್ವ್ ಇದೆ" ಅಂತ ಹೇಳಿ, ಆ ಕಾಗದ ಕೈಗೆ ಕೊಡಿ. ಯಾವ ಕೊಳವೆ ತೆಗೆದುಕೊಳ್ಳಬೇಕು, ಜಾಲರಿಯ ಯಾವ ಕಡೆಯಿಂದ ಒಳಗೆ ಹೋಗಬೇಕು ಅಂತ ಅವರು ಯೋಚಿಸಲು ಶುರು ಮಾಡುವುದು ಅಲ್ಲಿಂದಲೇ.